ಹಳೆ ಗ್ಯಾಸ್ಕೆಟ್ ಕೆರೆಯೋ ಮಾತು: ನಮ್ಮ ಬಾವ್ಯಾಗಿನ ಇಂಜಿನ್ನಿನಿಂದ ಮಲ್ಪೆ ಬೋಟಿನ ತನಕ

ಹೋದ ತಿಂಗಳು ಒಂದಿನ ರಾತ್ರಿ ಊಟ ಮುಗಿಸಿ ಭಾಂಡಿ ತಿಕ್ಕಲಾಕತ್ತಿದ್ದೆ. ನಮ್ಮಣ್ಣನ ಮಗನ ಫೋನ್ ಬಂತು. ಎರಡು ವರ್ಷದಿಂದ ಅವ ಉಡುಪಿ ಹತ್ತಿರ ಮಲ್ಪ್ಯಾಗ ಅದಾನ. ಮೀನು ಹಿಡಿಯೋ ಬೋಟಿನ ಇಂಜಿನ್ ರಿಪೇರಿ ದುಕಾನದಾಗ ಕೆಲಸ.

"ಅತ್ತಿ, ಮಾಮಾ ಮಲಗ್ಯಾರೇನ್ರಿ?"

"ಈಗ ಕಣ್ಣು ಮುಚ್ಚ್ಯಾರಪ್ಪ. ಏನಾಗ್ಬೇಕಿತ್ತು?"

"ಏನಿಲ್ರಿ, ಬೋಟಿನ ಸೈಲೆನ್ಸರ್ ಕಡೀದು ಬಾಗಿದ ಪೈಪ್ ಬಿಚ್ಚೀನಿ. ಹಳೆ ಗ್ಯಾಸ್ಕೆಟ್ ಕಬ್ಬಿಣಕ್ಕ ಸೀಕಲಾಗಿ ಹತ್ತೇದ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ತಿಕ್ಕಿಬಿಟ್ರ ಹತ್ತು ನಿಮಿಷದ ಕೆಲಸ. ಹಂಗ ಮಾಡ್ಲೇನು ಅಂತ ಮಾಮಾಗ ಕೇಳಬೇಕಾಗಿತ್ತು."

"ಬ್ಯಾಡ," ಅಂದೆ ನಾನು. "ಒಣಾದು ಮುಟ್ಟಬ್ಯಾಡ. ಮುಂಜಾನಿ ತನಕ ತಡಿ."

ಅವ ನಕ್ಕ. "ಅತ್ತಿ, ನಿಮಗ ಗ್ಯಾಸ್ಕೆಟ್ ಯಾವಾಗಿಂದ ತಿಳೀಲಾಕ ಹತ್ತಿತ್ರಿ?"

ಅವನ ಪ್ರಶ್ನೆಗೆ ಫೋನಿನಾಗ ಉತ್ತರ ಕೊಡ್ಲಾಕ ಆಗಲಿಲ್ಲ. ಅದಕ್ಕ ಇಲ್ಲಿ ಬರೀತೀನಿ. ಅಡಿಗಿ, ಹಪ್ಪಳ, ಕೌದಿ ಬಗ್ಗೆ ಓದಲಾಕ ಬರೋ ಅಕ್ಕತಂಗೇರು ಈ ಸಲ ಕಬ್ಬಿಣದ ಮಾತು ಬಂತಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ಇದೂ ಮನಿ ಮಾತೇ. ಕಡಿಕ್ಕ ಅರಿವಿ ಒಗಿಯೋ ಕಲ್ಲಿಗೇ ಬಂದು ನಿಲ್ತದ.

ನನ್ನ ತವರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿಗೆ ಹೋಗೋ ದಾರ್ಯಾಗ, ತಗ್ಗಿನಾಗ ಇರೋ ಊರು. ಕೆಂಪು ಬಾಳಿ ಹಣ್ಣಿಗೆ ಹೆಸರಾದದ್ದು, ಆ ಹಣ್ಣಿಗೆ ಜಿಐ ಗುರುತೂ ಸಿಕ್ಕೇದ. ಕೊಟ್ಟ ಮನಿ ಕಲಬುರಗಿ ಸೇಡಂ ರಸ್ತಾ. ನಮ್ಮ ಮನಿಯವರು ಇಲ್ಲಿ ಇಪ್ಪತ್ತೆಂಟು ವರ್ಷ ಆಯಿಲ್ ಇಂಜಿನ್ ರಿಪೇರಿ ದುಕಾನ ನಡಸಿದ್ರು. ನಾನು ಪಿಯುಸಿ ಮುಗಿಸಿ ಮನಿ ಹಿಡಿದಾಕಿ, ಪಾನಾ ಹಿಡಿದು ದುಡಿದಾಕಿ ಅಲ್ಲ. ಆದ್ರ ಗ್ಯಾಸ್ಕೆಟ್ ನನಗ ತವರಾಗೂ ಕಾಡೇದ, ಗಂಡನ ಮನ್ಯಾಗೂ ಕಾಡೇದ.

ಗ್ಯಾಸ್ಕೆಟ್ ಅಂದ್ರ ನಮಗೆಲ್ಲ ಗೊತ್ತಿರೋದು ಕುಕ್ಕರಿಂದು. ಮುಚ್ಚಳಕ್ಕ ರಬ್ಬರ್ ಬಳಿ ಇಲ್ಲಂದ್ರ ಸೀಟಿ ಹೊಡಿಯಂಗಿಲ್ಲ, ಸುತ್ತೆಲ್ಲ ಉಗಿ ಬುಸ್ ಅಂತ ಹೊರಗ ಬರ್ತದ. ಇಂಜಿನ್ನಿನಾಗೂ ಹಂಗೇ. ಎರಡು ಕಬ್ಬಿಣದ ಮುಖ ಎಷ್ಟು ನುಣ್ಣಗ ಮಾಡಿ ಕೂಡಿಸಿದ್ರೂ ನಡುವ ಕಣ್ಣಿಗೆ ಕಾಣದ ಸಂದು ಉಳೀತಾವ. ಆ ಸಂದು ತುಂಬಲಾಕ ನಡುವ ಒಂದು ಮೆತ್ತಗಿನ ಪದರ ಇಟ್ಟು ಬೋಲ್ಟ್ ಬಿಗೀತಾರ. ಮಿಸ್ತ್ರಿಗಳು ಅದಕ್ಕ ಪ್ಯಾಕಿಂಗ್ ಅಂತಲೂ ಅಂತಾರ. ಮುಖ ಹೊಲಸಿದ್ರ ಪದರ ಎಷ್ಟು ಛಲೋದಿದ್ರೂ ನಡಿಯಂಗಿಲ್ಲ. ಕರ್ಚಿಕಾಯಿ ಅಂಚು ಒತ್ತುವಾಗ ನಡುವ ಒಂದು ಹೂರಣದ ಕಾಳು ಕುಂತ್ರ ಎಣ್ಣ್ಯಾಗ ಅದು ಬಾಯಿ ಬಿಡ್ತದ ನೋಡ್ರಿ, ಥೇಟ್ ಅದೇ ಲೆಕ್ಕ. ಹಿಟ್ಟಿನ ತಪ್ಪಲ್ಲ, ಅಂಚಿನ ತಪ್ಪು.

ನಮ್ಮ ಅಜ್ಜನ ಕಾಲದಾಗ ಬಾವಿಗೆ ಇಂಜಿನ್ ಇರಲಿಲ್ಲ. ತೊಗಲಿನ ಮೊಟ್ಟಿ, ಎರಡು ಎತ್ತು, ಹಗ್ಗ, ಗಾಲಿ. ಎತ್ತು ಇಳಕಲದಾಗ ನಡದ್ರ ಮೊಟ್ಟಿ ಮ್ಯಾಲ ಬರ್ತಿತ್ತು, ಹಿಂದಕ್ಕ ಬಂದ್ರ ಕೆಳಗ ಇಳೀತಿತ್ತು. ಮುಂಜಾನಿ ನಸುಕಿನಾಗ ಹೂಡಿದ್ರ ಬಿಸಲೇರೋದ್ರಾಗ ನಾಕು ಸಾಲು ಬಾಳಿ ತೊಯ್ತಿದ್ವಂತ. ಕೆಂಪು ಬಾಳಿ ಗೊನಿ ಕೈಗೆ ಬರಲಾಕ ಸುಮಾರು ಒಂದೂವರೆ ವರ್ಷ ಬೇಕು. ಆ ಒಂದೂವರೆ ವರ್ಷದಾಗ ಎರಡು ಬ್ಯಾಸಗಿ ಬರಬಹುದು, ನೀರು ಮಾತ್ರ ತಪ್ಪಂಗಿಲ್ಲ. ಬಾಳಿ ಬೆಳೆಯೋರ ಮನ್ಯಾಗ ನೀರೇ ದೊಡ್ಡ ಚಿಂತಿ.

ಇಂಜಿನ್ನಿನ ಕತಿ ದೂರದಿಂದ ಬಂದದ್ದು. ರುಡಾಲ್ಫ್ ಡೀಸೆಲ್ ಅನ್ನೋ ಜರ್ಮನ್ ಇಂಜಿನಿಯರ್ 1897ರಲ್ಲಿ ಆಗ್ಸ್‌ಬರ್ಗ್ ಊರಾಗ ತನ್ನ ಇಂಜಿನ್ ಖರೆ ಖರೆ ನಡೀತದಂತ ತೋರಿಸಿದ. ಇಂಗ್ಲೆಂಡಿನ ಡರ್ಸ್ಲಿ ಅನ್ನೋ ಊರಿನ ಲಿಸ್ಟರ್ ಕಂಪನಿ 1930ರ ಸುಮಾರಿಗೆ ಒಂದು ಸಣ್ಣ ಇಂಜಿನ್ ಮಾಡಿತು. ಒಂದೇ ಸಿಲಿಂಡರ್, ಎರಡು ದೊಡ್ಡ ಗಾಲಿ, ನಿಮಿಷಕ್ಕ 600 ಸುತ್ತಿನ ಆಸುಪಾಸು. ಸಾವಕಾಶ ತಿರುಗ್ತದ, ಆದ್ರ ನಿಲ್ಲಂಗಿಲ್ಲ. ಹಿಂದುಸ್ತಾನದ ರೈತರಿಗೆ ಆ ಇಂಜಿನ್ ಎಷ್ಟು ಹಿಡಸಿತಂದ್ರ ಗುಜರಾತಿನ ರಾಜಕೋಟದಾಗ ಅದೇ ನಮೂನಿ ಎರಕ ಹೊಯ್ದು ಮಾಡೋ ಕಾರಖಾನಿಗಳು ಸಾಲು ಹಿಡದ್ವು. ಸಾತಾರಾದ ಕೂಪರ್ ಇಂಜಿನ್ನೂ ಬಂತು. ಬೆಳಗಾವಿ ಜಿಲ್ಲಾದ ಗುರ್ಲಹೊಸೂರಿನಾಗ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವ್ಯಾಗ ಸೈಕಲ್ ದುಕಾನದಿಂದ ಶುರು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋಗಿ ಕಬ್ಬಿಣದ ನೇಗಿಲು, ಪಂಪು ಮಾಡಿದ್ರು. 1946ರಲ್ಲಿ ಅವರ ಮಗ ಶಂತನುರಾವ್ ಪುಣೇದಾಗ ಆಯಿಲ್ ಇಂಜಿನ್ ಕಂಪನಿ ತೆಗೆದ್ರು. ಆಗ ನಮ್ಮ ಭಾಗ ಇನ್ನೂ ನಿಜಾಮರ ರಾಜ್ಯ. 1948ರಲ್ಲಿ ಅದು ಮುಗಿದು 1956ರಲ್ಲಿ ನಾವು ಮೈಸೂರು ರಾಜ್ಯಕ್ಕ ಕೂಡಿದ ಮ್ಯಾಲ ಬ್ಯಾಂಕ್ ಸಾಲ, ಡೀಸೆಲ್, ಇಂಜಿನ್ ಒಂದೊಂದೇ ಹಳ್ಳಿ ಕಡಿ ಬಂದ್ವು.

1972ರ ಬರದಾಗ ನಮ್ಮ ಬಾವಿ ತಳ ಕಂಡಿತ್ತಂತ. ಬರ ಮುಗಿದ ಮ್ಯಾಲ ಅಪ್ಪ ಬಾವಿ ಇನ್ನೊಂದಿಷ್ಟು ಆಳ ಹೊಡಿಸಿ, ಭೂ ಅಭಿವೃದ್ಧಿ ಬ್ಯಾಂಕಿನ ಸಾಲ ಮಾಡಿ, 1974ರಲ್ಲಿ ಐದು ಹಾರ್ಸ್‌ಪವರ್ ಇಂಜಿನ್ ತಂದ್ರು. ಅವ್ವ ಅದಕ್ಕ ಅರಿಶಿಣ ಕುಂಕುಮ ಹಚ್ಚಿ ಕಾಯಿ ಒಡದಿದ್ಲು. ಅಲ್ಲಿಂದ ನಮ್ಮ ಹೊಲದಾಗ ಟುಕ್ ಟುಕ್ ಟುಕ್ ಸಪ್ಪಳ. ಸಪ್ಪಳ ನಿಂತ್ರ ಮನಿ ಮಂದಿ ಎಲ್ಲಾ ತಲಿ ಎತ್ತಿ ನೋಡ್ತಿದ್ವಿ.

ಈಗ ಒಂದು ಮಾತು ತಿಳ್ಕೋಬೇಕು. ಪಂಪು ನೀರನ್ನ ಜಗ್ಗಂಗಿಲ್ಲ. ಪೈಪಿನಾಗಿನ ಗಾಳಿ ತೆಗೀತದ, ಹೊರಗಿನ ಗಾಳಿ ಭಾರಕ್ಕ ನೀರು ತಾನೇ ಮ್ಯಾಲ ಏರ್ತದ. ಗಾಳಿ ಭಾರ ಎತ್ತೋದು ಲೆಕ್ಕಕ್ಕ 34 ಅಡಿ. ಕೆಲಸಕ್ಕ ಬರೋದು 20-25 ಅಡಿ ಅಷ್ಟೇ. ನಮ್ಮ ಬಾವಿ ನೀರು ಬ್ಯಾಸಗ್ಯಾಗ 40 ಅಡಿ ಕೆಳಗ ಇರ್ತಿತ್ತು. ಅದಕ್ಕ ಏನು ಮಾಡ್ತಿದ್ರು? ಬಾವಿ ಒಳಗ, ಗ್ವಾಡಿಗೆ ಕಲ್ಲಿನ ಕಟ್ಟಿ ಕಟ್ಟಿ ಇಂಜಿನ್ನನ್ನೇ ಕೆಳಗ ಇಳಸ್ತಿದ್ರು. ಒಂದು ಕಬ್ಬಿಣದ ಪೈಪು ಇಂಜಿನ್ನಿನ ಹೊಗಿಯನ್ನ ಬಾವಿ ಹೊರಗ ಒಯ್ತಿತ್ತು. ಆ ಪೈಪು ಇಂಜಿನ್ನಿಗೆ ಕೂಡೋ ಜಾಗದಾಗ ಅಂಗೈಯಷ್ಟು ಒಂದು ಗ್ಯಾಸ್ಕೆಟ್. ಬಾವ್ಯಾಗ ಇಳಿದ ಮನಶ್ಯಾನ ಉಸಿರು ಆ ಅಂಗೈಯಷ್ಟರ ಮ್ಯಾಲ ನಿಂತಿತ್ತು.

1982ರ ಬ್ಯಾಸಗಿ. ನಾನು ಆರನೇತ್ತ ಮುಗಿಸಿದ್ದೆ. ಹಿಂದಿನ ವಾರ ಹೊಗಿ ಪೈಪಿನ ಜೋಡಣಿ ಸೋರಲಾಕತ್ತಿತ್ತಂತ ಅಪ್ಪ ತಾವೇ ಗ್ಯಾಸ್ಕೆಟ್ ಬದಲು ಮಾಡಿದ್ರು. ಮಿಸ್ತ್ರಿಗೆ ಗುಲ್ಬರ್ಗಾಕ್ಕ ಹೋಗಿ ಕರ್ಕೊಂಡು ಬರಬೇಕು, ಒಂದಿನ ಹೋಗ್ತದ, ಬಾಳಿ ಗೊನಿ ಹೊತ್ತು ನಿಂತಾವ. ಅವಸರದಾಗ ಛಿನ್ನಿ, ಸುತ್ತಿಗಿ ತಗೊಂಡು ಹಳೇದು ಕೆತ್ತಿದ್ರು. ಹೋದಷ್ಟು ಹೋತು, ಉಳಿದದ್ದರ ಮ್ಯಾಲೇ ಹೊಸದು ಇಟ್ಟು ಬಿಗಿದ್ರು.

ಮಧ್ಯಾಹ್ನ ಇಂಜಿನ್ನಿಗೆ ಎಣ್ಣಿ ನೋಡಲಾಕ ಇಳಿದ ಅಪ್ಪ ಮ್ಯಾಲ ಬರಲಿಲ್ಲ. ಅಣ್ಣ ಬಾವಿ ದಂಡಿಗೆ ನಿಂತು ಕೂಗಿದ. ಇಂಜಿನ್ ಟುಕ್ ಟುಕ್ ಅನ್ನಲಾಕತ್ತಿತ್ತು, ಅಪ್ಪನ ದನಿ ಇಲ್ಲ. ಅಣ್ಣ ಇಳೀಲಾಕ ಹೋದಾಗ ಬಾಜೂ ಹೊಲದ ಕಾಕಾ ಅವನ ರಟ್ಟಿ ಹಿಡಿದು ಹಿಂದಕ್ಕ ಜಗ್ಗಿದ್ರು. ಆ ಕಾಕಾಗ ಗೊತ್ತಿತ್ತು. ತಮ್ಮ ಸೊಂಟಕ್ಕ ಹಗ್ಗ ಕಟ್ಟಿಸಿಕೊಂಡು, ತುದಿ ನಾಕು ಮಂದಿ ಕೈಯಾಗ ಕೊಟ್ಟು, ಉಸಿರು ಹಿಡಿದು ಇಳಿದು, ಡೀಸೆಲ್ ಬಂದ್ ಮಾಡಿ ಮ್ಯಾಲ ಬಂದ್ರು. ಮತ್ತ ಉಸಿರು ತಗೊಂಡು ಇಳಿದು ಅಪ್ಪನ ರಟ್ಟಿ ಕೆಳಗ ಹಗ್ಗ ಹಾಕಿದ್ರು. ಜಗ್ಗಿ ಎತ್ತಿ ಬೇವಿನ ಗಿಡದ ಕೆಳಗ ಮಲಗಿಸಿದಾಗ ಅಪ್ಪನ ಬಾಯಾಗ ನೊರಿ ಇತ್ತು. ಅವ್ವ ಅಳಲಿಲ್ಲ, ಸೆರಗಿನಿಂದ ಗಾಳಿ ಹಾಕ್ಕೋತ ಕುಂತಿದ್ಲು. ಅರ್ಧ ತಾಸಿಗೆ ಅಪ್ಪ ಕಣ್ಣು ತೆಗೆದ್ರು, ವಾಂತಿ ಮಾಡಿಕೊಂಡ್ರು. ಎರಡು ದಿನ ತಲಿ ಸಿಡಿತ ಹೋಗಲಿಲ್ಲ. ಜೀವ ಉಳೀತು.

ಎಲ್ಲರ ಜೀವ ಉಳಿದಿಲ್ಲ. ಒಬ್ಬರು ಬಿದ್ರಂತ ಇನ್ನೊಬ್ಬರು ಇಳಿದು, ಅವರ ಹಿಂದ ಮತ್ತೊಬ್ಬರು ಇಳಿದು, ಒಂದೇ ಮನ್ಯಾಗ ಇಬ್ಬರು ಮೂವರು ಹೋದ ಸುದ್ದಿ ಇವತ್ತಿಗೂ ಪೇಪರಿನಾಗ ಬರ್ತಾವ. ಇಂಜಿನ್ ಹೊಗ್ಯಾಗ ಕಾರ್ಬನ್ ಮಾನಾಕ್ಸೈಡ್ ಅನ್ನೋ ಗಾಳಿ ಇರ್ತದ. ಬಣ್ಣ ಇಲ್ಲ, ವಾಸನಿ ಇಲ್ಲ. ರಕ್ತದಾಗ ಆಮ್ಲಜನಕ ಕುಂಡ್ರೋ ಜಾಗದಾಗ ಅದು ಇನ್ನೂರು ಪಟ್ಟಿಗಿಂತ ಹೆಚ್ಚು ಗಟ್ಟಿಯಾಗಿ ಹೋಗಿ ಕುಂಡ್ರತದ. ನಮ್ಮ ಕಡಿ ಹಿರ್ಯಾರು ಬಾವಿಗೆ ಕಂದೀಲು ಇಳಿಸಿ, ಆರಲಿಲ್ಲಂದ್ರ ಇಳೀಬಹುದು ಅಂತಿದ್ರು. ಆಮ್ಲಜನಕ ಕಡಿಮಿ ಇದ್ರ ಕಂದೀಲು ಹೇಳ್ತದ, ಆ ಮಾತು ಖರೆ. ಆದ್ರ ಈ ವಿಷದ ಗಾಳಿ ಇದ್ರ ಕಂದೀಲು ಹೇಳಂಗಿಲ್ಲ, ಉರೀತಾನೇ ಇರ್ತದ. ಓದಿದವರು ಇದನ್ನ ಮನಿ ಮಂದಿಗೆ ಹೇಳ್ರಿ.

ಮರುದಿನ ಸೇಡಂ ರಸ್ತಾದಿಂದ ಮಿಸ್ತ್ರಿ ಚಾಚಾ ಬಂದ್ರು. ಜೊತಿಗೆ ಕೈಕೆಳಗಿನ ಒಬ್ಬ ಹುಡುಗ. ಇಂಜಿನ್ ತಣ್ಣಗಾದದ್ದು ನೋಡಿ, ಪೈಪು ಬಿಚ್ಚಿ ಅಪ್ಪಗ ತೋರಿಸಿದ್ರು. ಕಬ್ಬಿಣದ ಮುಖದ ಮ್ಯಾಲ ಕರೀ ಮಸಿ ಗೆರಿ, ಒಳಗಿಂದ ಹೊರಗಿನ ತನಕ. ಹೊಗಿ ನಡೆದ ದಾರಿ ಅದು. ಗೆರಿ ತಳದಾಗ ಛಿನ್ನಿ ಹೊಡೆದ ಗಾಯ. ಬಾಜೂಕ ಹಳೆ ಗ್ಯಾಸ್ಕೆಟಿನ ಚೂರು ಹಂಗೇ ಹತ್ತಿತ್ತು.

"ಅಣ್ಣಾ, ಗ್ಯಾಸ್ಕೆಟ್ ಹೊಸಾದು ಹಾಕೀರಿ, ಖರೆ. ಜಾಗಾ ಹಳೇದೇ ಇಟ್ಟೀರಲ್ರಿ," ಅಂದ್ರು ಚಾಚಾ. ಅಪ್ಪ ಏನೂ ಅನ್ನಲಿಲ್ಲ. ಆ ಮ್ಯಾಲ ಅವರು ಸಾಯೋ ತನಕ ಇಂಜಿನ್ನಿಗೆ ಛಿನ್ನಿ ಹಚ್ಚಲಿಲ್ಲ.

ಚಾಚಾ ಅವತ್ತು ಮಾಡಿದ ಕೆಲಸ ನಾನು ಬೇವಿನ ಬುಡಕ ಕುಂತು ನೋಡೀನಿ. ಮೊದಲು ಇಂಜಿನ್ನಿನ ತೂತಿನಾಗ ಚಿಂದಿ ಅರಿವಿ ತುರುಕಿದ್ರು, ಕೆರೆದದ್ದು ಒಳಗ ಬೀಳಬಾರದಂತ. ಹಳೆ ಗ್ಯಾಸ್ಕೆಟಿನ ಮ್ಯಾಲ ಚಿಮಣಿ ಎಣ್ಣ್ಯಾಗ ತೊಯ್ಸಿದ ಅರಿವಿ ಹಾಸಿ, ಚಾ ಕುಡಿದು, ಬೀಡಿ ಸೇದಲಾಕ ದೂರ ಹೋಗಿ ಬಂದ್ರು. ಆಮ್ಯಾಲ ಅಗಲ ಬಾಯಿಯ ಪಟ್ಟಿಯನ್ನ ಮುಖಕ್ಕ ಮಲಗಿಸಿದಂಗ ಹಿಡಿದು ತಳ್ಳಿದ್ರು. ರೊಟ್ಟಿ ಹಂಚಿಗೆ ಹತ್ತಿದ್ರ ನಾವು ಚುಚಗವನ್ನ ನೆಟ್ಟಗ ಚುಚ್ಚಂಗಿಲ್ಲ, ಮಲಗಿಸಿ ಜಾರಿಸ್ತೀವಿ, ಹಂಗ. ಅಲ್ಯೂಮಿನಿಯಂ ಇದ್ರ ಕಬ್ಬಿಣದ ಪಟ್ಟಿನೂ ಬ್ಯಾಡ, ಹಿತ್ತಾಳಿದು ಬೇಕು ಅಂತ ಹುಡುಗಗ ಹೇಳಿಕೊಟ್ರು. ಬೋಲ್ಟಿನ ತೂತು ಒಂದೊಂದೂ ಒರೆಸಿದ್ರು, ತಳದಾಗ ಕಸ ಇದ್ರ ಬೋಲ್ಟ್ ಬಿಗಿದಂಗ ಕಾಣ್ತದ, ಬಿಗಿದಿರಂಗಿಲ್ಲ. ಪೈಪಿನ ಮುಖಕ್ಕ ನೀಲಿ ಸವರಿ ಸಪಾಟ ಕನ್ನಡಿ ಗಾಜಿನ ಮ್ಯಾಲ ಒಮ್ಮೆ ಒತ್ತಿದ್ರು. ಗಾಜಿಗೆ ನೀಲಿ ಹತ್ತದ ಜಾಗ ತಗ್ಗು. ಆ ಗಾಜಿನ ಮ್ಯಾಲ ಪಾಲಿಷ್ ಪೇಪರ್ ಹಾಸಿ, ಇಂಗ್ಲಿಷ್ ಎಂಟು ಬರೆದಂಗ ಮುಖ ತಿಕ್ಕಿ ತಿಕ್ಕಿ ಗಾಯ ಇಳಿಸಿದ್ರು. ಹೊಸ ಹಾಳಿಯನ್ನ ಮುಖದ ಮ್ಯಾಲ ಇಟ್ಟು, ಸುತ್ತಿಗಿ ಅಂಚಿನಿಂದ ಟಕ ಟಕ ಬಡಿದು ಅದೇ ಅಳತಿಗೆ ಕತ್ತರಿಸಿದ್ರು. ಬೋಲ್ಟ್ ಒಂದೇ ಕಡಿ ಬಿಗೀಲಿಲ್ಲ, ಎದುರು ಬದುರು, ಸ್ವಲ್ಪ ಸ್ವಲ್ಪ, ಮೂರು ಸುತ್ತು. ಇಂಜಿನ್ ಒಂದು ತಾಸು ನಡಿಸಿ, ತಣ್ಣಗಾದ ಮ್ಯಾಲ ಮತ್ತೊಂದು ಸುತ್ತು.

ಆ ಹುಡುಗ ಚಾಚಾನ ಕೈಯಾಗ ಕೆಲಸ ಕಲಿತು 1988ರಲ್ಲಿ ಸ್ವಂತ ದುಕಾನ ಇಟ್ಟ. 1990ರಲ್ಲಿ ನನ್ನ ಲಗ್ನ ಅವರ ಜೋಡಿ ಆತು. ಸಂಬಂಧ ಬಂದಾಗ ಅಪ್ಪ ಬ್ಯಾರೆ ಏನೂ ಕೇಳಲಿಲ್ಲ, "ಆ ಹುಡುಗನ ಕೈ ಸ್ವಚ್ಛ ಅದ" ಅಂದ್ರು.

ಕೈ ಸ್ವಚ್ಛ, ಖರೆ. ಆದ್ರ ಅರಿವಿ ಸ್ವಚ್ಛ ಇರಲಿಲ್ಲ. ಇಲ್ಲಿಂದ ಕತಿ ನಂದು.

ಹೊಗಿ ಹೊರಗ ಹೋಗೋ ಜಾಗ ಭಾಳ ಕಾಯ್ತದ. ಇಂಜಿನ್ ಮ್ಯಾಲ ಭಾರ ಬಿದ್ದಾಗ ಅಲ್ಲಿ 400-500 ಡಿಗ್ರಿ ಇರ್ತದ. ಕಾಗದ, ಬೆಂಡು, ರಬ್ಬರ್ ಅಲ್ಲಿ ಸುಟ್ಟು ಬೂದಿ. ಅದಕ್ಕ ಅಲ್ಲಿ ಹಾಕ್ತಿದ್ದದ್ದು ಅಸ್ಬೆಸ್ಟಾಸ್. ಕನ್ನಡದಾಗ ಕಲ್ನಾರು, ಎಷ್ಟು ಸರಿಯಾದ ಹೆಸರು ನೋಡ್ರಿ. ನೆಲದಾಗ ಸಿಗೋ ಕಲ್ಲು, ಆದ್ರ ಹತ್ತಿ ಹಂಗ ಎಳಿ ಎಳಿಯಾಗಿ ಬಿಡ್ತದ. ಸುಡಂಗಿಲ್ಲ, ಕೊಳಿಯಂಗಿಲ್ಲ. ನಮ್ಮ ಬಾಜೂ ಕಡಪಾ ಜಿಲ್ಲಾದ ಪುಲಿವೆಂದುಲ ಕಡಿ ಇದರ ಗಣಿ ಇದ್ವು. ಈ ಎಳಿಯನ್ನ ರಬ್ಬರಿನ ಜೋಡಿ ಒತ್ತಿ ಹಾಳಿ ಮಾಡ್ತಿದ್ರು, ಇಲ್ಲಾ ಎರಡು ತಾಮ್ರದ ತಗಡಿನ ನಡುವ ಇಟ್ಟು ಹೆಡ್ ಗ್ಯಾಸ್ಕೆಟ್ ಮಾಡ್ತಿದ್ರು.

ದುಕಾನದಾಗ ದಿನಾ ಎರಡು ಮೂರು ಇಂಜಿನ್ ಬಿಚ್ತಿದ್ರು. ಚಾಚಾ ಎಣ್ಣ್ಯಾಗ ತೊಯ್ಸಿ ಕೆರೀತಿದ್ರು, ಅವರಿಗೆ ಸಾವಧಾನ ಇತ್ತು. ಆದ್ರ ಹಂಗಾಮಿನಾಗ ರೈತರು ಬಾಗಲಾಗ ಕುಂತಿರ್ತಾರ. ಆಗ ಒಣಾದನ್ನೇ ತಂತಿ ಬ್ರಷಿನಿಂದ ತಿಕ್ಕೋದು, ಬಾಯಿಂದ ಉಫ್ ಅಂತ ಊದೋದು. ಸಂಜಿಗೆ ಇವರು ಮನಿಗೆ ಬಂದ್ರ ಅಂಗಿ ತುಂಬ ಕರೀ ಎಣ್ಣಿ, ಅದರ ಮ್ಯಾಲ ಬೂದಿಯಂಥ ಧೂಳು. ನಾನು ಅಂಗಿಯನ್ನ ಮೊದಲು ಹಿತ್ತಲದಾಗ ಝಾಡಿಸಿ, ಕಲ್ಲಿಗೆ ಎರಡು ಬಡಿದು, ಆಮ್ಯಾಲ ನೆನಿ ಹಾಕ್ತಿದ್ದೆ. ಧೂಳು ಹೋದ್ರ ಸಬಕಾರ ಕಡಿಮಿ ಸಾಕು ಅಂತ ನನ್ನ ಶಾಣ್ಯಾತನ. ವಾರಕ್ಕೊಮ್ಮೆ ದುಕಾನ ಕಸ ಹೊಡಿಯೋದೂ ನಾನೇ. ಸೇಡಂ ರಸ್ತಾ ಅಂದ್ರ ಮೊದಲೇ ಧೂಳು. ಸಿಮೆಂಟಿನ ಲಾರಿ, ಶಹಾಬಾದ ಪರಸಿ ಲಾರಿ ಹಗಲೂ ರಾತ್ರಿ. ಅದರಾಗ ಇದೊಂದು ಧೂಳು ಬ್ಯಾರೆ ಅಂತ ಯಾರಿಗೆ ಗೊತ್ತಾಗಬೇಕು?

ಗೊತ್ತಿದ್ದವರಿಗೆ ಭಾಳ ಹಿಂದೆಯೇ ಗೊತ್ತಿತ್ತು. ಇಂಗ್ಲೆಂಡಿನ ರಾಚ್‌ಡೇಲ್ ಊರಾಗ ಕಲ್ನಾರಿನ ನೂಲು ತೆಗೆಯೋ ಕಾರಖಾನ್ಯಾಗ ದುಡೀತಿದ್ದ ನೆಲ್ಲಿ ಕರ್ಶಾ ಅನ್ನೋ ಹೆಣ್ಣುಮಗಳು 1924ರಲ್ಲಿ ತೀರಿಕೊಂಡ್ಲು. ಆಕಿ ಪುಪ್ಪುಸದಾಗ ಕಲ್ನಾರಿನ ಚೂರು ಇದ್ವಂತ ಕುಕ್ ಅನ್ನೋ ಡಾಕ್ಟರ್ ಅದೇ ವರ್ಷ ಬರೆದ್ರು. 1931ರಲ್ಲಿ ಅಲ್ಲಿನ ಸರ್ಕಾರ ಕಾರಖಾನಿ ಧೂಳಿಗೆ ಕಾಯ್ದೆ ಮಾಡಿತು. 1960ರಲ್ಲಿ ದಕ್ಷಿಣ ಆಫ್ರಿಕಾದಿಂದ ವ್ಯಾಗ್ನರ್ ಅನ್ನೋರು, ಗಣ್ಯಾಗ ದುಡಿಯದೇ ಬರೀ ಗಣಿ ಹತ್ತಿರ ಬಾಳಿದವರಿಗೂ ಎದಿ ಪೊರಿಯ ಕ್ಯಾನ್ಸರ್ ಬಂದದ್ದನ್ನ ತೋರಿಸಿದ್ರು. 1965ರಲ್ಲಿ ಲಂಡನ್ನಿನ ನ್ಯೂಹೌಸ್ ಮತ್ತು ಥಾಂಪ್ಸನ್ ಇನ್ನೊಂದು ವಿಷಯ ಬರೆದ್ರು. ಆ ರೋಗ ಬಂದವರಾಗ ಯಾವ ಕಾರಖಾನಿಗೂ ಕಾಲಿಡದ ಹೆಣ್ಣುಮಕ್ಕಳಿದ್ರು. ಅವರು ಮಾಡಿದ್ದು ಒಂದೇ ಕೆಲಸ. ಕಲ್ನಾರಿನ ಕಾರಖಾನಿಗೆ ಹೋಗೋ ಗಂಡನ ಅರಿವಿ ಒಗದಿದ್ರು.

ನನ್ನ ಮಗಳು ಕಾಲೇಜಿನಾಗ ಇದ್ದಾಗ ಇದನ್ನ ಓದಿ ಹೇಳಿದ್ಲು. ಆಗ ನಾನು ಅದೇ ಕೆಲಸ ಮಾಡಲಾಕ ಹತ್ತಿ ಇಪ್ಪತ್ತೆರಡು ವರ್ಷ ಆಗಿತ್ತು. ಕೈಯಾಗ ಇವರ ಅಂಗಿ ಇತ್ತು. ಅವತ್ತು ಝಾಡಿಸಲಿಲ್ಲ. ಬಕೀಟಿನಾಗ ಮುಳುಗಿಸಿ ಹಂಗೇ ಕುಂತೆ.

ನಮ್ಮ ದೇಶದಾಗೂ 1995ರ ಜನವರಿ 27ಕ್ಕ ಸುಪ್ರೀಂ ಕೋರ್ಟ್ ಕಲ್ನಾರಿನ ಕಾರ್ಮಿಕರ ಬಗ್ಗೆ ತೀರ್ಪು ಕೊಟ್ಟದ. ಕೆಲಸಗಾರನ ಆರೋಗ್ಯ ಅಂದ್ರ ಬದುಕೋ ಹಕ್ಕಿನ ಭಾಗ ಅಂತು. ಕಾರಖಾನಿಗಳು ಅವರ ಆರೋಗ್ಯದ ದಾಖಲಿ 40 ವರ್ಷ ಇಡಬೇಕು ಅಂತು. ನಲವತ್ತು ವರ್ಷ ಯಾಕಂದ್ರ, ಈ ಧೂಳು ಒಳಗ ಹೋಗಿ ರೋಗ ಕಾಣಿಸಿಕೊಳ್ಳಲಾಕ 20ರಿಂದ 40 ವರ್ಷ ಹಿಡೀತದ. ಇಂಗ್ಲೆಂಡಿನಾಗ ನೀಲಿ, ಕಂದು ಕಲ್ನಾರು 1985ರಲ್ಲಿ, ಬಿಳೇದು 1999ರಲ್ಲಿ ಬಂದ್ ಆತು. ಯುರೋಪ್ ಒಕ್ಕೂಟದಾಗ 2005ರಿಂದ ಪೂರಾ ಬಂದ್. ನಮ್ಮಲ್ಲಿ ಗಣಿ ನಿಂತಾವ, ಆದ್ರ ಬಿಳಿ ಕಲ್ನಾರು ಹೊರದೇಶದಿಂದ ಬರ್ತದ, ಮಾಡಿನ ಶೀಟಿನಾಗ ಹೋಗ್ತದ. ದುಕಾನ, ಕಾರಖಾನಿಗಾದ್ರೂ ಒಂದು ದಾಖಲಿ ಇರಬಹುದು. ಅರಿವಿ ಒಗೆಯೋ ಕಲ್ಲಿಗೆ ಯಾವ ದಾಖಲಿ?

ಅಂಜಿಸಲಾಕ ಬರೆದದ್ದಲ್ಲ ಇದು. ಕಲ್ನಾರಿನ ಗಣಿ, ನೂಲಿನ ಕಾರಖಾನ್ಯಾಗ ದುಡಿದವರು ಉಂಡ ಧೂಳಿಗೆ ಹೋಲಿಸಿದ್ರ ಗ್ಯಾಸ್ಕೆಟ್ ಕೆರೆಯೋರದ್ದು ಕಡಿಮಿ. ಗ್ಯಾಸ್ಕೆಟಿನಾಗ ಎಳಿ ರಬ್ಬರಿನಾಗ ಸಿಕ್ಕಿರ್ತದ. ಆದ್ರ ಕಾಯ್ದು ಸುಟ್ಟು ಒಣಗಿದ ಹಳೆ ಗ್ಯಾಸ್ಕೆಟನ್ನ ಒಣಾ ಕೆರೆದ್ರ, ತಿರುಗೋ ತಂತಿ ಬ್ರಷಿನಿಂದ ತಿಕ್ಕಿದ್ರ, ಊದಿದ್ರ ಆ ಎಳಿ ಬಿಡಿಸಿಕೊಂಡು ಗಾಳಿಗೆ ಏರ್ತದ. ಕಣ್ಣಿಗೆ ಕಾಣಂಗಿಲ್ಲ, ಮೂಗಿನ ಕೂದಲಿಗೂ ನಿಲ್ಲಂಗಿಲ್ಲ.

ಆ ವರ್ಷವೇ ಇಬ್ಬರೂ ದವಾಖಾನಿಗೆ ಹೋಗಿ ಎದಿ ಫೋಟೋ ತಗಿಸಿದ್ವಿ. "ಈಗ ಏನೂ ಇಲ್ಲ" ಅಂದ್ರು ಡಾಕ್ಟರ್. ಈಗ ಅನ್ನೋ ಆ ಮಾತು ನಮ್ಮ ಜೋಡಿ ಮನಿಗೆ ಬಂದದ. ಎರಡು ವರ್ಷಕ್ಕೊಮ್ಮೆ ಹೋಗಿ ತೋರಿಸ್ತೀವಿ. ಚಾಚಾ ಕಡೀ ಐದಾರು ವರ್ಷ ದಮ್ಮು ಅಂತ ಕುಂತಲ್ಲೇ ಮಲಗತಿದ್ರು. ಬೀಡಿಯಿಂದಲೋ, ರಸ್ತಾ ಧೂಳಿನಿಂದಲೋ, ದುಕಾನದ್ದರಿಂದಲೋ ಯಾರೂ ನೋಡಲಿಲ್ಲ, ಯಾರೂ ಹೇಳಲಿಲ್ಲ. ಬಾವ್ಯಾಗ ಇಳಿದ ಎಷ್ಟೋ ಮಂದಿ ಉಸಿರು ಉಳಿಸಿದ ಕೈ ಅವರದ್ದು.

ದುಕಾನದಾಗ ಅಂದಿನಿಂದ ಪದ್ಧತಿ ಬದಲಾತು. 2016ರಲ್ಲಿ ದುಕಾನ ಮುಚ್ಚೋ ತನಕ ಇವರು ಒಣಾ ಕೆರೀಲಿಲ್ಲ. ಅಷ್ಟೊತ್ತಿಗೆ ಊರೆಲ್ಲ ಬೋರ್‌ವೆಲ್ ಆಗಿತ್ತು, ನೀರೊಳಗಿನ ಕರೆಂಟ್ ಮೋಟರ್ ಬಂದಿತ್ತು, ಬಾವ್ಯಾಗ ಇಂಜಿನ್ ಇಳಿಸೋದು ಕಡಿಮಿ ಆಗಿತ್ತು. ನಮ್ಮ ಕತಿ ಮುಗೀತು ಅಂದ್ಕೊಂಡಿದ್ದೆ. ಅಷ್ಟರಾಗ ಹುಡುಗನ ಫೋನ್ ಬಂತು ನೋಡ್ರಿ, ಸಮುದ್ರದಿಂದ.

ಸಮುದ್ರಕ್ಕ ಇಂಜಿನ್ ಬಂದದ್ದೂ ನಮ್ಮ ಬಾವಿಗೆ ಬಂದ ಕಾಲದ ಆಸುಪಾಸೇ. 1952ರಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆ ಕೂಡಿ ಒಂದು ಒಪ್ಪಂದ ಮಾಡಿಕೊಂಡು, ಕೇರಳದ ಕೊಲ್ಲಂ ಹತ್ತಿರ ನೀಂಡಕರದಾಗ ಮೀನುಗಾರರಿಗೆ ಇಂಜಿನ್ ಬೋಟು ಕಲಿಸಲಾಕ ಶುರು ಮಾಡಿದ್ರು. 1960ರ ದಶಕದಾಗ ಆ ಕೆಲಸ ನಮ್ಮ ಕಾರವಾರಕ್ಕೂ ಬಂತು. ಹಾಯಿ, ಹುಟ್ಟು ಇದ್ದಲ್ಲಿ ಇಂಜಿನ್ ಕುಂತಿತು.

ಯೋಚನಿ ಮಾಡಿದ್ರ ಬೋಟಿನ ಹೊಟ್ಟಿನೂ ಒಂದು ಬಾವಿನೇ. ಇಂಜಿನ್ ಹಲಗಿ ಕೆಳಗ, ತಗ್ಗಿನಾಗ, ಗಾಳಿ ಕಡಿಮಿ ಇದ್ದಲ್ಲಿ ಕುಂತಿರ್ತದ. ಹೊಗಿ ಜೋಡಣಿ ಸೋರಿದ್ರ ಅದೇ ವಿಷದ ಗಾಳಿ ಕೆಳಗ ತುಂಬ್ತದ, ಕ್ಯಾಬಿನ್ನಿನಾಗ ಮಲಗಿದವರ ಹತ್ತಿರ ಹೋಗ್ತದ. ಅಲ್ಲಿ ಇನ್ನೊಂದು ಸಂಕಟ. ಭಾಳಷ್ಟು ಬೋಟಿನಾಗ ಹೊಗಿ ತಣ್ಣಗ ಮಾಡಲಾಕ ಆ ಬಾಗಿದ ಪೈಪಿನಾಗ ಸಮುದ್ರದ ನೀರು ಬಿಡ್ತಾರ. ಗ್ಯಾಸ್ಕೆಟ್ ಮುಖ ಸರಿ ಕುಂಡ್ರಲಿಲ್ಲಂದ್ರ ಉಪ್ಪುನೀರು ಹಿಂದಕ್ಕ ಇಂಜಿನ್ ಒಳಗ ಹೋಗಬಹುದು. ದಂಡಿ ಕಾಣದ ಜಾಗದಾಗ ಇಂಜಿನ್ ನಿಂತ್ರ ಹಗ್ಗ ಇಳಿಸಲಾಕ ಯಾವ ಕಾಕಾನೂ ಇರಂಗಿಲ್ಲ.

ಮುಂಜಾನಿ ಇವರು ಎದ್ದ ಮ್ಯಾಲ ಫೋನ್ ಸ್ಪೀಕರಿಗೆ ಹಾಕಿ ಇಬ್ಬರೂ ಕೂಡಿ ಅವನಿಗೆ ಹೇಳಿದ್ವಿ. ಅದನ್ನೇ ಇಲ್ಲಿ ಬರೀತೀನಿ, ಯಾರ ಮನ್ಯಾಗಾದ್ರೂ ಇಂಜಿನ್ ಇದ್ರ ಬೇಕಾಗ್ತದ.

ಹಳೆ ಗ್ಯಾಸ್ಕೆಟ್ ಕಲ್ನಾರಿಂದೋ ಅಲ್ಲೋ ಕಣ್ಣಿಲೆ ಗೊತ್ತಾಗಂಗಿಲ್ಲ. ಹಳೇದಂದ್ರ ಕಲ್ನಾರೇ ಅಂತ ತಿಳೀಬೇಕು. ಇಂಜಿನ್ ಪೂರಾ ತಣ್ಣಗಾಗ್ಲಿ. ತೂತಿಗೆ ಅರಿವಿ ತುರುಕು. ನೀರಿಗೆ ಒಂದೆರಡು ಹನಿ ಭಾಂಡಿ ಸಬಕಾರ ಹಾಕಿ, ತೊಯ್ದ ಅರಿವಿ ಅದರ ಮ್ಯಾಲ ಹಾಸಿ ಒಂದು ರಾತ್ರಿ ಬಿಡು. ಅಗಲ ಪಟ್ಟಿ ಮಲಗಿಸಿ ತಳ್ಳು, ಒಣಗಿದ್ರ ಮತ್ತ ನೀರು ಚಿಮುಕಿಸು. ಗ್ರೈಂಡರ್ ಬ್ಯಾಡ, ಡ್ರಿಲ್ಲಿನ ಬ್ರಷ್ ಬ್ಯಾಡ, ಕಂಪ್ರೆಸರ್ ಗಾಳಿ ಬ್ಯಾಡ, ಬಾಯಿಂದ ಊದೋದು ಬ್ಯಾಡವೇ ಬ್ಯಾಡ. ಮುಖಕ್ಕ ಕಟ್ಟೋ ಟವೆಲ್ಲು ಈ ಎಳಿಗೆ ಜಾಳಗಿ ಇದ್ದಂಗ, ಸಣ್ಣ ಧೂಳು ತಡಿಯೋ ಖರೆ ಮಾಸ್ಕ್ ಬೇಕು. ಕೆರೆದದ್ದನ್ನ ತೊಯ್ದ ಅರಿವಿಲೆ ಒರೆಸಿ, ಆ ಅರಿವಿ ಸಮೇತ ಎರಡು ಪ್ಲಾಸ್ಟಿಕ್ ಚೀಲದಾಗ ಕಟ್ಟು, ಒಲಿಗೆ ಹಾಕಬ್ಯಾಡ. ಕಸಬರಿಗಿ ಮುಟ್ಟಬ್ಯಾಡ, ನೆಲನೂ ತೊಯ್ದ ಅರಿವಿಲೆ ಒರೆಸು. ಮುಖ ಒರೆಸಿ ಒಣಗಿಸಿ ಗಾಜಿನ ಮ್ಯಾಲ ಇಟ್ಟು ನೋಡು. ಉಪ್ಪುನೀರು ತಿಂದು ಆಳವಾದ ತಗ್ಗು ಬಿದ್ದಿದ್ರ ಗ್ಯಾಸ್ಕೆಟಿನಿಂದ ಮುಚ್ಚಲಾಕ ಹೋಗಬ್ಯಾಡ, ಲೇಥಿಗೆ ಕೊಡು, ಇಲ್ಲಾ ಪೈಪೇ ಬದಲಿಸು. ಹೊಸದು ತರುವಾಗ ಅಸ್ಬೆಸ್ಟಾಸ್ ಇಲ್ಲದ್ದು ಕೊಡ್ರಿ ಅಂತ ಬಾಯಿ ಬಿಟ್ಟು ಕೇಳು, ಈಗ ಗ್ರಾಫೈಟಿಂದೂ ಸಿಗ್ತಾವ. ಎದುರು ಬದುರು ಬಿಗಿ. ಎಷ್ಟು ಸುತ್ತು, ಎಷ್ಟು ಬಿಗಿ ಅನ್ನೋದು ಆ ಇಂಜಿನ್ನಿನ ಪುಸ್ತಕ ನೋಡಿ ಮಾಡು.

ಇಷ್ಟೆಲ್ಲ ಇವರು ಹೇಳಿದ್ರು. ಕಡೀ ಮಾತು ನಂದು. "ಕೆಲಸದ ಅರಿವಿ ರೂಮಿಗೆ ಒಯ್ಯಬ್ಯಾಡ. ಝಾಡಿಸಬ್ಯಾಡ. ಬ್ಯಾರೆ ಬಕೀಟಿನಾಗ ಮುಳುಗಿಸಿ ನೀನೇ ಒಗಿ. ನಾಳಿ ಲಗ್ನ ಆದ್ರೂ ಆ ಅರಿವಿ ಆಕಿ ಕೈಗೆ ಕೊಡಬ್ಯಾಡ."

ಹುಡುಗ ಈ ಸಲ ನಗಲಿಲ್ಲ. "ಹೂಂ ಅತ್ತಿ" ಅಂದ.

ಮೂರನೇ ದಿನ ಫೋಟೋ ಕಳಿಸಿದ. ಪೈಪಿನ ಮುಖ ತೊಳೆದ ಕಂಚಿನ ತಾಟಿನಂಗ ಕಾಣ್ತಿತ್ತು, ಒಂದು ಛಿನ್ನಿ ಗಾಯ ಇಲ್ಲ. ಇವರು ಚಷ್ಮಾ ಹಾಕ್ಕೊಂಡು ಭಾಳೊತ್ತು ನೋಡಿ, "ಚಾಚಾ ನೋಡಿದ್ರ ಖುಷಿ ಪಡ್ತಿದ್ರು" ಅಂದ್ರು. ಬೋಟು ಅವತ್ತು ರಾತ್ರಿಯೇ ಸಮುದ್ರಕ್ಕ ಹೋತಂತ.

ಕಮಲಾಪುರದ ನಮ್ಮ ಇಂಜಿನ್ ಈಗ ದನದ ಕೊಟ್ಟಗಿ ಮೂಲ್ಯಾಗ ಕುಂತದ. ಹೋದ ದೀಪಾವಳಿಗೆ ಅಣ್ಣ ಅದನ್ನ ಗುಜರಿಗೆ ಹಾಕೋ ಮಾತು ಎತ್ತಿದ್ದ. ಹಾಕು, ಆದ್ರ ಗ್ಯಾಸ್ಕೆಟ್ ಒಡೆದು ತೆಗೀಲಾಕ ಹೋಗಬ್ಯಾಡ, ಹಂಗೇ ಇಡೀ ಕೊಡು ಅಂದೀನಿ. ಗುಜರಿಯವರ ಮನ್ಯಾಗೂ ಅರಿವಿ ಒಗೆಯೋರು ಒಬ್ಬರು ಇರ್ತಾರ.